ಬೆಂಕಿಯಿಲ್ಲದೆ ಬೆಚ್ಚನೆಯ ಕೊಟ್ಟಿಗೆ

ದೀಪಾವಳಿ ಮುಗಿಯುತ್ತಲೇ ನವಲಗುಂದ, ಅಣ್ಣಿಗೇರಿಯ ಬಯಲಿನಲ್ಲಿ ಮೂಡಗಾಳಿ ಆರಂಭವಾಗುತ್ತದೆ. ಹಿಂದೆ ಮೇಲ್ಮುದ್ದೆಯ ಮನೆಯೊಳಗೇ ದನ ಕಟ್ಟುತ್ತಿದ್ದರು. ದಪ್ಪ ಮಣ್ಣಿನ ಗೋಡೆ ಹಗಲಿನ ಕಾವನ್ನು ರಾತ್ರಿಗೆ ಉಳಿಸುತ್ತಿತ್ತು. ತಗಡಿನ ಕೊಟ್ಟಿಗೆ ಹೊತ್ತು ಮುಳುಗಿದೊಡನೆ ತಣ್ಣಗಾಗುತ್ತದೆ.

ದೊಡ್ಡ ಆಕಳು ಈ ಚಳಿಯನ್ನು ತಡೆಯುತ್ತದೆ. ಹೊಟ್ಟೆಯಲ್ಲಿ ಮೇವು ಹುದುಗುವಾಗ ಹುಟ್ಟುವ ಶಾಖವೇ ಅದರ ಒಲೆ. ಎಳೆಗರುವಿಗೆ ಆ ಒಲೆ ಇನ್ನೂ ಹೊತ್ತಿರುವುದಿಲ್ಲ. ಒದ್ದೆ ನೆಲದಲ್ಲಿ ಗಾಳಿಗೆ ಮಲಗಿದರೆ ಕುಡಿದ ಹಾಲು ಬೆಳವಣಿಗೆಗೆ ಬದಲು ಮೈ ಕಾಯಿಸಲು ಖರ್ಚಾಗುತ್ತದೆ. ಕರು ಸೊರಗಿ ನ್ಯುಮೋನಿಯಾಕ್ಕೆ ತುತ್ತಾಗಬಹುದು.

ಆದ್ದರಿಂದ ಸದಸ್ಯರು ಈ ಕ್ರಮಗಳನ್ನು ಅನುಸರಿಸಬೇಕು:

1. ಹುಟ್ಟಿದ ಕರುವನ್ನು ಒಣಬಟ್ಟೆಯಿಂದ ಒರೆಸಿ, ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿರಿ. 25 ಕಿಲೋ ತೂಕದ ಕರುವಿಗೆ ಮೊದಲ ದಿನ ಕನಿಷ್ಠ ಎರಡೂವರೆ ಲೀಟರ್ ಬೇಕು.

2. ಗೋಣಿಚೀಲ ಹೊಲಿದು ಮೂಡಣ ಬದಿಗೆ ಪರದೆ ಕಟ್ಟಿರಿ. ಸೂರಿನ ಕೆಳಗೆ ಒಂದು ಅಡಿ ತೆರೆದಿರಲಿ. ಪೂರ್ತಿ ಮುಚ್ಚಿದರೆ ಗಂಜಳದ ಘಾಟು ಪುಪ್ಪುಸಕ್ಕೆ ಹಾನಿ. ಬಿಸಿಲೇರಿದ ಮೇಲೆ ಪರದೆ ಎತ್ತಿರಿ.

3. ಕರುವಿನ ಕೆಳಗೆ ಒಣ ಹುಲ್ಲು ದಪ್ಪವಾಗಿ ಹಾಸಿರಿ. ಅದರ ಮೇಲೆ ಮೊಣಕಾಲೂರಿ ನೋಡಿರಿ. ಧೋತರ ತೇವವಾದರೆ ಹಾಸು ಬದಲಿಸಿರಿ.

4. ಆಕಳಿಗೆ ರಾತ್ರಿ ಒಂದು ಹಿಡಿ ಕಣಿಕೆ ಹೆಚ್ಚು ಹಾಕಿರಿ.

ಬಾಗಿಲು ಮುಚ್ಚಿ ಕುಳ್ಳಿನ ಬೆಂಕಿ ಹಾಕುವುದು ಬೇಡ. ಹೊಗೆಗೆ ಕರು ಕೆಮ್ಮುತ್ತದೆ. ಕಿಡಿ ಹಾರಿದರೆ ಬಣವಿಯೂ ಉಳಿಯದು. ಇಂದು ನಡುಗುವ ಹೆಣ್ಣುಗರುವೇ ಸುಮಾರು ಮೂರು ವರ್ಷದ ಮೇಲೆ ನಿಮ್ಮ ಸಂಘದ ಕ್ಯಾನು ತುಂಬಿಸುವ ಆಕಳು.