ಬಾಕಿ ರೋಜಾ ತೀರಿಸುವ ಏಳು ಸೂತ್ರಗಳು

ರಂಜಾನ್ 2024ರಲ್ಲಿ ಮಾರ್ಚ್ 12ಕ್ಕೆ ಶುರುವಾಯಿತು, 2025ರಲ್ಲಿ ಮಾರ್ಚ್ 2ಕ್ಕೆ. ಜತ್ತ ತಾಲೂಕಿನ ಸೊರಡಿ ಸೀಮೆಗೆ ಅದು ದ್ರಾಕ್ಷಿ ಒಣಗಿಸಿ ಬೇದಾಣಿ ಮಾಡುವ ಹಂಗಾಮು. ಮೈಮೇಲೆ ಬಿಸಿಲು, ಕಿಸೆಯಲ್ಲಿ ತಂಬಾಕು-ಸುಣ್ಣದ ಡಬ್ಬಿ. ರೋಜಾ ತಪ್ಪಲು ಇನ್ನೇನು ಬೇಕು? ತಪ್ಪಿದ್ದನ್ನು ತೀರಿಸುವ ದಾರಿ ಇಲ್ಲಿದೆ.

1. ತೌಬಾ ಇಂದೇ ಮಾಡಿ. ಉಲೇಮಾಗಳು ಹೇಳುವ ಷರತ್ತು ಮೂರು: ತಪ್ಪು ನಿಲ್ಲಿಸುವುದು, ಮನಸಾರೆ ಮರುಗುವುದು, ಮತ್ತೆ ಅತ್ತ ಹೋಗೆನೆಂದು ಗಟ್ಟಿ ಮಾಡುವುದು. ಇನ್ನೊಬ್ಬರ ಹಕ್ಕು ತಿಂದಿದ್ದರೆ ಅದನ್ನು ಮರಳಿಸಲೂಬೇಕು. ಜಮಾತಿನ ಮುಂದೆ ನಿಂತು ಒಪ್ಪಿಕೊಳ್ಳುವ ಗರಜಿಲ್ಲ.

2. ಯಾವ ವರ್ಷ ಎಷ್ಟು ತಪ್ಪಿತು, ಬರೆದಿಡಿ. ನೆನಪಿಲ್ಲವೇ? ಅಂದಾಜು ಹಾಕಿ, ಒಂದೆರಡು ಹೆಚ್ಚೇ ಇರಲಿ.

3. ತಪ್ಪಿದ್ದು ಹೇಗೆಂದು ವಿಂಗಡಿಸಿ. ಕಾಯಿಲೆಗೆ, ಪ್ರಯಾಣಕ್ಕೆ ಬಿಟ್ಟದ್ದು ಕುರ್‌ಆನೇ ಕೊಟ್ಟ ರಿಯಾಯಿತಿ. ಬೇರೆ ದಿನ ಅಷ್ಟೇ ರೋಜಾ ಹಿಡಿದರೆ ತೀರಿತು, ಅಳುಕು ಬೇಡ. ಮುಟ್ಟಿನ ದಿನಗಳ ನಮಾಜಿಗೆ ಕಜಾ (ತಪ್ಪಿದ್ದನ್ನು ಆಮೇಲೆ ತೀರಿಸುವುದು) ಇಲ್ಲ, ರೋಜಾಕ್ಕೆ ಇದೆ. ಆದರೆ ರಂಜಾನಿನಲ್ಲಿ ಸಹರಿ ಮಾಡಿ, ನಿಯತ್ತು ಹಿಡಿದು, ಮಧ್ಯಾಹ್ನ ಬೇಕೆಂದೇ ಚಹಾ ಕುಡಿದು ಬೀಡಿ ಹಚ್ಚಿದ್ದರೆ ಮಾತೇ ಬೇರೆ. ಹನಫಿಗಳಲ್ಲಿ ಕಜಾದ ಜೊತೆಗೆ ಕಫ್ಫಾರಾ ಬೀಳುತ್ತದೆ: ಎಡೆಬಿಡದೆ 60 ರೋಜಾ, ಶಕ್ತಿ ಇಲ್ಲದವರು 60 ಬಡವರಿಗೆ ಊಟ. ಶಾಫಿಗಳಲ್ಲಿ ತಿಂದು ಕುಡಿದು ಮುರಿದದ್ದಕ್ಕೆ ಕಜಾ ಇದೆ, ಕಫ್ಫಾರಾ ಇಲ್ಲ. ಮೊಬೈಲ್ ನೋಡಿ ತೀರ್ಮಾನಿಸುವ ವಿಷಯ ಇದಲ್ಲ, ಮೌಲಾನಾರನ್ನು ಕೇಳಿ.

4. ಚಳಿಗಾಲ ಬಿಡಬೇಡಿ. ನಮ್ಮ ಕಡೆ ಡಿಸೆಂಬರಿನ ರೋಜಾ 12 ತಾಸಿನ ಮೇಲೆ ಸ್ವಲ್ಪ, ಜೂನಿನದು 14 ದಾಟುತ್ತದೆ. ಕಜಾ ರೋಜಾಗಳನ್ನು ಸಾಲಾಗಿ ಹಿಡಿಯಬೇಕೆಂದಿಲ್ಲ. ಸೋಮವಾರ, ಗುರುವಾರ ಹಿಡಿದರೂ 15 ವಾರಕ್ಕೆ 30 ಮುಗಿಯುತ್ತವೆ.

5. ಕಜಾದ ನಿಯತ್ತು ಫಜ್ರ್‌ಗೆ ಮೊದಲೇ ಆಗಬೇಕು. ಎರಡೂ ಈದ್‌ಗಳಂದು, ಬಕ್ರೀದ್ ನಂತರದ ಮೂರು ದಿನ ರೋಜಾ ಸಲ್ಲದು.

6. ತಂಬಾಕಿನ ಚಟ ಬಿಡಲು ಇದೇ ಹೊತ್ತು. ಹಗಲಿಡೀ ತಡೆದವರು ಸೋಲುವುದು ಇಫ್ತಾರ್ ಆದ ಮೇಲೆ: ಖರ್ಜೂರ ತಿಂದ ಕೈ ನೇರ ಡಬ್ಬಿಗೆ ಹೋಗುತ್ತದೆ. ಡಬ್ಬಿ ಮನೆಯಲ್ಲೇ ಇರಬಾರದು. ತಲೆನೋವು, ಸಿಡುಕು ಮೊದಲ ಮೂರು ದಿನ ಜೋರು, ಆದ್ದರಿಂದ ಮೊದಲ ಮೂರು ರೋಜಾ ಮಾತ್ರ ಬೆನ್ನುಬೆನ್ನಿಗೆ ಹಿಡಿಯಿರಿ. ತಂಬಾಕು ಬಿಡಿಸುವ ಸರಕಾರಿ ಸಹಾಯವಾಣಿ 1800-11-2356, ಕರೆ ಉಚಿತ. ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ, ಅದು ಔಷಧವಲ್ಲ.

7. ಫಿದ್ಯಾ (ರೋಜಾದ ಬದಲು ಬಡವರಿಗೆ ಊಟ) ಕೊಟ್ಟು ಕೈತೊಳೆದುಕೊಳ್ಳಬೇಡಿ. ಅದು ಕೈಲಾಗದ ಮುದುಕರಿಗೆ, ವಾಸಿಯಾಗದ ಕಾಯಿಲೆಯವರಿಗೆ. ಗಟ್ಟಿಮುಟ್ಟಾಗಿ ದುಡಿಯುವವರು ರೋಜಾವನ್ನೇ ಹಿಡಿಯಬೇಕು.

ಹಜರತ್ ಆಯಿಶಾ ಅವರೇ ತಮ್ಮ ಬಾಕಿಯನ್ನು ಮುಂದಿನ ರಂಜಾನಿಗೆ ಮೊದಲಿನ ಶಾಬಾನ್ ತಿಂಗಳಲ್ಲಿ ತೀರಿಸುತ್ತಿದ್ದರೆಂದು ಹದೀಸ್ ಇದೆ. ತಡವಾಯಿತೆಂದು ಕೈಬಿಡಬೇಡಿ, ಬರುವ ಗುರುವಾರದಿಂದಲೇ ಶುರು ಮಾಡಿ.