ಅಪ್ಪೆಮಿಡಿ: ಊಟಕ್ಕೂ ಸೈ, ಔಷಧಕ್ಕೂ ಸೈ

ದೇವರ ದರ್ಶನ ಮುಗಿಸಿ ಬೆಟ್ಟ ಇಳಿಯುವ ಭಕ್ತಾದಿಗಳು ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಯಲ್ಲಿ ಮಿಡಿ ಉಪ್ಪಿನಕಾಯಿ ಕೊಂಡೇ ಊರಿಗೆ ಹೋಗುವುದು ವಾಡಿಕೆ. ಆ ಮಿಡಿಯ ಬಗ್ಗೆ ನಾಲ್ಕು ಮಾತು ತಿಳಿದಿರಲಿ.

ಅಪ್ಪೆ ಎಂದರೆ ಹಣ್ಣಿಗಾಗಿ ಬೆಳೆಸಿದ ಮಾವಲ್ಲ. ಅಘನಾಶಿನಿ, ಬೇಡ್ತಿ, ಶರಾವತಿ ಹೊಳೆದಂಡೆಗಳಲ್ಲಿ ತಾನಾಗಿ ಹುಟ್ಟಿದ ಕಾಡುಮಾವು. ಪರಿಮಳವೆಲ್ಲ ಸೊನೆಯಲ್ಲಿದೆ. ತೊಟ್ಟು ಮುರಿದು ಮೂಸಿದರೆ ಒಂದು ಮರದ್ದು ಜೀರಿಗೆಯಂತೆ, ಇನ್ನೊಂದರದ್ದು ಕರ್ಪೂರದಂತೆ. ಅದಕ್ಕೇ ಜೀರಿಗೆ ಮಿಡಿ, ಕರ್ಪೂರ ಮಿಡಿ ಅಂತ ಹೆಸರು. ಅನಂತಭಟ್ಟನ ಅಪ್ಪೆಯಂತೂ ಬಹಳ ಹೆಸರುವಾಸಿ. ಅಪ್ಪೆಮಿಡಿಗೆ 2009-10ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು. ಪೆಟ್ಟಾದ ಒಂದು ಮಿಡಿ ಇಡೀ ಭರಣಿ ಕೆಡಿಸ್ತದೆ. ಕಲ್ಲುಪ್ಪಿನಲ್ಲಿ ಎರಡು ಮೂರು ವಾರ ಇಟ್ಟರೆ ಮಿಡಿ ನೀರು ಬಿಟ್ಟು ಸುರುಟಿಕೊಳ್ಳುತ್ತದೆ. ಅದೇ ಉಪ್ಪುನೀರಿನಲ್ಲಿ ಸಾಸಿವೆ, ಒಣಮೆಣಸು ರುಬ್ಬಿ ಕಲಸುತ್ತಾರೆ. ಬೇರೆ ನೀರು ಸೋಕಬಾರದು. ಹೀಗೆ ಹಾಕಿದ್ದು ವರ್ಷಗಟ್ಟಲೆ ಇರುತ್ತದೆ. ರಕ್ತದೊತ್ತಡ ಇದ್ದವರು ಮಾತ್ರ ಉಪ್ಪಿನ ಲೆಕ್ಕ ಇಟ್ಟುಕೊಂಡೇ ತಿನ್ನಿ.

ಆದರೆ ನನ್ನನ್ನು ಕೇಳಿದರೆ ಅಪ್ಪೆಯ ನಿಜವಾದ ರುಚಿ ಅಪ್ಪೆಹುಳಿಯಲ್ಲಿ. ಮಿಡಿ ಬೇಯಿಸಿ ಕಿವುಚಿ, ಧಾರಾಳ ನೀರು, ಉಪ್ಪು, ಚೂರು ಬೆಲ್ಲ ಸೇರಿಸಿ, ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ಆಯ್ತು. ಅನ್ನಕ್ಕೂ ಆಗುತ್ತದೆ, ಲೋಟದಲ್ಲಿ ಕುಡಿಯಲಿಕ್ಕೂ ಆಗುತ್ತದೆ. ಪಿತ್ತ ಶಮನ, ಒಳ್ಳೆ ನಿದ್ದೆ ಎನ್ನುತ್ತಾರೆ ಹಿರಿಯರು. ಕುಡಿದು ಕೂಡಲೇ ವಾಹನ ಓಡಿಸುವವರು ಜೋಪಾನ!

ಹೊಟ್ಟೆ ಕೆಟ್ಟಾಗ ನಮ್ಮ ಕಡೆ ಮಾಡುವುದು ಮಾವಿನ ಗೊರಟಿನ ತಂಬ್ಳಿ. ಒಣಗಿಸಿಟ್ಟ ಗೊರಟಿನ ತಿರುಳನ್ನು ಜೀರಿಗೆ ಜೊತೆ ತುಪ್ಪದಲ್ಲಿ ಹುರಿದು, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸುವುದು. ಆಯುರ್ವೇದದಲ್ಲೂ ಮಾವಿನ ಬೀಜ ಭೇದಿ ಕಟ್ಟುವ ಔಷಧವೇ. ರಕ್ತ ಬಿದ್ದರೆ, ಸಣ್ಣ ಮಕ್ಕಳಿಗಾದರೆ ತಂಬ್ಳಿ ನಂಬಿ ಕೂರದೆ ಡಾಕ್ಟರ ಹತ್ತಿರ ಹೋಗಿ. ಹಸಿ ಸೊನೆ ಚರ್ಮ ಸುಡುತ್ತದೆ, ಮಕ್ಕಳ ತುಟಿಗೆ ತಾಗಿಸಬೇಡಿ.

ಈಗ ಹೇಳಲೇಬೇಕಾದ ಮಾತು. ಬೇಡಿಕೆ ಏರಿದ ಮೇಲೆ ಒಂದೊಂದೇ ಮಿಡಿ ಕೊಯ್ಯುವ ತಾಳ್ಮೆ ಇಲ್ಲದವರು ಟೊಂಗೆಯನ್ನೇ ಕಡಿದು ಕೆಡವುತ್ತಾರೆ. ಆ ಮರ ಮತ್ತೆ ಚಿಗುರಿ ಕಾಯಿ ಬಿಡಲು ವರ್ಷಗಳೇ ಬೇಕು, ಕೆಲವು ಸತ್ತೇ ಹೋಗುತ್ತವೆ. ಗೊರಟು ಬಿತ್ತಿದರೆ ತಾಯಿಮರದ ಪರಿಮಳ ಬರುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಒಂದು ಮರ ಹೋದರೆ ಆ ಪರಿಮಳವೇ ಹೋದಂತೆ. ಉಳಿಸುವ ದಾರಿ ಕಸಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹಲವು ಅಪ್ಪೆ ತಳಿಗಳನ್ನು ಹೀಗೇ ಸಂಗ್ರಹಿಸಿಟ್ಟಿದ್ದಾರೆ.

ಹಸಿ ಮಿಡಿ ಕೊಳ್ಳುವಾಗ ಟೊಂಗೆ ಕಡಿದದ್ದೋ, ಕೊಯ್ದದ್ದೋ ಎಂದು ಒಂದು ಮಾತು ಕೇಳಿ. ಮನೆ ಹತ್ತಿರ ಜಾಗ ಇದ್ದವರು ನರ್ಸರಿಯಲ್ಲಿ ಅಪ್ಪೆಯ ಕಸಿ ಗಿಡ ವಿಚಾರಿಸಿ. ಮಳೆಗಾಲದ ಆರಂಭದಲ್ಲಿ ನೆಟ್ಟರೆ ಸುಲಭವಾಗಿ ಹಿಡಿದುಕೊಳ್ಳುತ್ತದೆ.