ಗಣಕದ ಜರಡಿ

1969ರ ಜೂನ್ ತಿಂಗಳಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಜೋಸೆಫ್ ವೆಬರ್ ಅವರು ಒಂದು ಸುದ್ದಿಯನ್ನು ಪ್ರಕಟಿಸಿದರು. ಗುರುತ್ವದ ಅಲೆಗಳನ್ನು ತಾವು ಪತ್ತೆಹಚ್ಚಿರುವುದಾಗಿ ಅವರು ಸಾರಿದಾಗ ವಿಜ್ಞಾನ ಪ್ರಪಂಚವೇ ಬೆರಗಾಯಿತು. ಇಂತಹ ಅಲೆಗಳಿರಬೇಕೆಂದು ಆಲ್ಬರ್ಟ್ ಐನ್‌ಸ್ಟೈನ್ ಅವರು 1916ರಲ್ಲಿಯೇ ಗಣಿತದ ಬಲದಿಂದ ತೋರಿಸಿದ್ದರು. ಅವರ ಸಿದ್ಧಾಂತದ ಪ್ರಕಾರ ಆಕಾಶವೆಂಬುದು ಬರಿಯ ಬಯಲಲ್ಲ. ಭಾರವಾದ ಕಾಯಗಳು ಅದನ್ನು ಬಗ್ಗಿಸಬಲ್ಲವು. ಅಂತಹ ಎರಡು ಕಾಯಗಳು ಒಂದನ್ನೊಂದು ವೇಗವಾಗಿ ಸುತ್ತಿದರೆ ಆಕಾಶವೇ ಕಂಪಿಸುತ್ತದೆ. ಆ ಕಂಪನವು ಬೆಳಕಿನ ವೇಗದಲ್ಲಿ ಸುತ್ತಲೂ ಹರಡುತ್ತದೆ. ಅಲೆಯು ಹಾದುಹೋಗುವಾಗ ದಾರಿಯಲ್ಲಿರುವ ವಸ್ತುಗಳೆಲ್ಲ ಒಂದು ದಿಕ್ಕಿನಲ್ಲಿ ಹಿಗ್ಗಿ, ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಕುಗ್ಗುತ್ತವೆ. ಆದರೆ ಈ ಹಿಗ್ಗು ಕುಗ್ಗುಗಳು ಎಷ್ಟು ಅಲ್ಪವೆಂದರೆ, ಅವನ್ನು ಅಳೆಯುವುದು ಆಗದ ಕೆಲಸವೆಂದೇ ಹಲವರು ಭಾವಿಸಿದ್ದರು.

ವೆಬರ್ ಅವರು ಒಂದು ಟನ್ನಿಗೂ ಮಿಕ್ಕಿದ ತೂಕದ ಅಲ್ಯೂಮಿನಿಯಂ ದಿಮ್ಮಿಗಳನ್ನು ತೂಗುಹಾಕಿದ್ದರು. ಒಂದು ಮೇರಿಲ್ಯಾಂಡಿನಲ್ಲಿ, ಇನ್ನೊಂದು ದೂರದ ಷಿಕಾಗೋ ನಗರದ ಸಮೀಪದಲ್ಲಿ. ಎರಡೂ ಒಂದೇ ಕ್ಷಣದಲ್ಲಿ ಮಿಡಿದರೆ ಅದು ಸ್ಥಳೀಯವಾದ ಅದುರಾಟವಲ್ಲ, ಆಕಾಶದಿಂದ ಬಂದದ್ದು ಎಂಬುದು ಅವರ ತರ್ಕ. ತರ್ಕವೇನೋ ಸರಿಯಾದುದೇ. ಆದರೆ ಅವರಂತೆಯೇ ಉಪಕರಣಗಳನ್ನು ನಿರ್ಮಿಸಿದ ಇತರರಿಗೆ ಅಲೆಯ ಸುಳಿವು ಸಿಗಲಿಲ್ಲ. ರೋಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ಡಗ್ಲಾಸ್ ಅವರು ವೆಬರ್ ಬಳಸುತ್ತಿದ್ದ ಗಣಕಯಂತ್ರದ ಕ್ರಮವಿಧಿಯಲ್ಲಿಯೇ ಒಂದು ತಪ್ಪನ್ನು ಕಂಡುಹಿಡಿದರು. ಅದಕ್ಕಿಂತಲೂ ಮುಜುಗರದ ಸಂಗತಿಯೊಂದು ಹೊರಬಿತ್ತು. ತಮ್ಮ ದಾಖಲೆಯನ್ನು ರೋಚೆಸ್ಟರಿನ ದಾಖಲೆಯೊಡನೆ ಹೋಲಿಸಿ, ಎರಡರಲ್ಲಿಯೂ ಏಕಕಾಲದ ಮಿಡಿತಗಳಿವೆಯೆಂದು ವೆಬರ್ ಹೇಳಿದ್ದರು. ಒಂದರಲ್ಲಿ ಗುರುತಿಸಿದ್ದುದು ಅಮೆರಿಕದ ಪೂರ್ವತೀರದ ವೇಳೆ, ಇನ್ನೊಂದರಲ್ಲಿ ಗ್ರೀನಿಚ್ ವೇಳೆ! ಏಕಕಾಲದ್ದೆಂದು ಅವರು ಎಣಿಸಿದ್ದ ಮಿಡಿತಗಳ ನಡುವೆ ನಾಲ್ಕು ಗಂಟೆಗಳ ಅಂತರವಿತ್ತು.

ವೆಬರ್ ಅವರನ್ನು ಹಗುರವಾಗಿ ಕಾಣುವುದು ತರವಲ್ಲ. ಯಾರೂ ಕೈಹಾಕದ ಕೆಲಸಕ್ಕೆ ಮೊದಲಿಗರಾಗಿ ಇಳಿದವರು ಅವರು. ಆದರೆ ಅವರ ಪ್ರಸಂಗದಿಂದ ಒಂದು ಪ್ರಶ್ನೆ ಎದ್ದುನಿಂತಿತು: ಅಲೆ ಕಂಡಿತೆಂದು ಹೇಳುವವನು ತಾನು ಮೋಸಹೋಗಿಲ್ಲವೆಂದು ತಿಳಿಯುವುದು ಹೇಗೆ? ಮುಂದಿನವರು ಉಪಕರಣಕ್ಕೆ ಎಷ್ಟು ಬುದ್ಧಿ ವೆಚ್ಚಮಾಡಿದರೋ ಈ ಪ್ರಶ್ನೆಗೂ ಅಷ್ಟೇ ಬುದ್ಧಿ ವೆಚ್ಚಮಾಡಿದರು.

ಹೊಸ ಉಪಕರಣದ ಹೆಸರು ಲೈಗೋ. ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಊರುಗಳಲ್ಲಿ, ಪರಸ್ಪರ 3,000 ಕಿಲೋಮೀಟರ್ ದೂರದಲ್ಲಿ, ಒಂದೊಂದು ಲೈಗೋ ಇದೆ. ಲಂಬವಾಗಿ ಕೂಡುವ ಎರಡು ಕೊಳವೆಗಳು. ಒಂದೊಂದರ ಉದ್ದ 4 ಕಿಲೋಮೀಟರ್. ಗಾಳಿಯನ್ನು ತೆಗೆದ ಆ ಕೊಳವೆಗಳೊಳಗೆ ಲೇಸರ್ ಬೆಳಕು ಕನ್ನಡಿಗಳ ನಡುವೆ ಓಡಾಡುತ್ತಿರುತ್ತದೆ. ಒಂದು ಕೊಳವೆ ಹಿಗ್ಗಿ ಇನ್ನೊಂದು ಕುಗ್ಗಿದರೆ ಮರಳಿ ಬಂದ ಬೆಳಕಿನಲ್ಲಿ ಅದು ತಿಳಿಯುತ್ತದೆ. ಬಲವಾದ ಅಲೆಯಿಂದ ಆಗುವ ಬದಲಾವಣೆಯೂ ಪ್ರೋಟಾನ್ ಕಣದ ವ್ಯಾಸವನ್ನು ನೂರಾರು ಪಾಲು ಮಾಡಿದಾಗ ದೊರೆಯುವ ಒಂದು ಪಾಲಿನಷ್ಟು ಮಾತ್ರ!

ಇಷ್ಟು ಸೂಕ್ಷ್ಮವಾದ ಕಿವಿಗೆ ಅಲೆಯೊಂದೇ ಕೇಳುವುದಿಲ್ಲ. ದೂರದ ಸಮುದ್ರದ ತೆರೆಗಳು, ಹೆದ್ದಾರಿಯ ಲಾರಿಗಳು, ಬಿರುಗಾಳಿ, ಕನ್ನಡಿಯ ಅಣುಗಳ ಕಂಪನ, ಎಲ್ಲವೂ ಕೇಳುತ್ತವೆ. 2017ರ ಬೇಸಿಗೆಯಲ್ಲಿ ಹ್ಯಾನ್‌ಫರ್ಡಿನ ದಾಖಲೆಗಳಲ್ಲಿ ಅರ್ಥವಾಗದ ಮಿಡಿತಗಳು ಕಾಣಿಸಿಕೊಂಡವು. ವಿಜ್ಞಾನಿಗಳು ಹೊರಗೆ ಹೋಗಿ ನೋಡಿದರೆ, ಬಾಯಾರಿದ ಕಾಡುಕಾಗೆಗಳು ತಣ್ಣನೆಯ ಕೊಳವೆಯ ಮೇಲೆ ಕಟ್ಟಿದ್ದ ಮಂಜನ್ನು ಕುಕ್ಕುತ್ತಿದ್ದವು. ಕೊಕ್ಕಿನ ಗುರುತುಗಳು ಕೊಳವೆಯ ಮೇಲೆ ಇನ್ನೂ ಉಳಿದಿದ್ದವು.

ಈ ಗದ್ದಲವನ್ನು ಸೋಸುವ ಕೆಲಸ ತಂತ್ರಾಂಶದ್ದು, ಎಂದರೆ ಗಣಕಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಮಾಲೆಯದು. ಅದರ ಮೊದಲ ಉಪಾಯ ಎಲ್ಲರಿಗೂ ಪರಿಚಿತವಾದುದೇ. ಜಾತ್ರೆಯ ಜನಜಂಗುಳಿಯಲ್ಲಿ ಮಗು ಅತ್ತರೆ ಅದರ ತಾಯಿ ಥಟ್ಟನೆ ತಿರುಗಿ ನೋಡುತ್ತಾಳೆ. ಅದು ದೊಡ್ಡ ಸದ್ದೆಂದಲ್ಲ. ಆ ದನಿ ಅವಳಿಗೆ ಗೊತ್ತು. ಅಂತೆಯೇ ಬರಬೇಕಾದ ಅಲೆಯ ರೂಪ ಮೊದಲೇ ಗೊತ್ತಿದ್ದರೆ ಅದನ್ನು ಗದ್ದಲದೊಳಗಿಂದ ಹೆಕ್ಕಬಹುದು. ಎರಡು ಕಪ್ಪುಕುಳಿಗಳು ಸುತ್ತುತ್ತ ಹತ್ತಿರವಾದಂತೆ ಅಲೆಯ ಸ್ವರ ಏರುತ್ತದೆ, ಬಲವೂ ಹೆಚ್ಚುತ್ತದೆ. ಅವು ಕೂಡಿ ಒಂದಾದ ಮೇಲೆ, ಹೊಡೆದ ಗಂಟೆಯ ನಾದದಂತೆ ಅಲೆ ಕ್ಷಣಮಾತ್ರದಲ್ಲಿ ಅಡಗುತ್ತದೆ. ಕುಳಿಗಳ ತೂಕ ಬೇರೆಯಾದರೆ ಅಲೆಯ ರೂಪವೂ ಬೇರೆ. ಆದುದರಿಂದ ಸಾಧ್ಯವಾದ ರೂಪಗಳನ್ನೆಲ್ಲ ಲೆಕ್ಕಹಾಕಿ, ಅಚ್ಚುಗಳಂತೆ ಗಣಕದಲ್ಲಿ ಜೋಡಿಸಿಡುತ್ತಾರೆ. 2015ರಲ್ಲಿ ಇಂತಹ ಅಚ್ಚುಗಳು ಸುಮಾರು 2,50,000 ಇದ್ದವು. ತಂತ್ರಾಂಶವು ಪ್ರತಿಯೊಂದನ್ನೂ ದಾಖಲೆಯ ಮೇಲೆ ಇಟ್ಟು ನೋಡುತ್ತ ಹೋಗುತ್ತದೆ.

ಈ ಕಾರ್ಯದಲ್ಲಿ ಭಾರತೀಯರ ಪಾಲು ಚಿಕ್ಕದಲ್ಲ. ಅಚ್ಚುಗಳನ್ನು ಹೇಗೆ ಆಯ್ದುಕೊಳ್ಳಬೇಕೆಂಬುದನ್ನು ಸಂಜೀವ ಧುರಂಧರ್ ಮತ್ತು ಬಿ.ಎಸ್. ಸತ್ಯಪ್ರಕಾಶ್ ಅವರು 1991ರಲ್ಲಿಯೇ ವಿವರಿಸಿದ್ದರು. ಅಲೆಯ ರೂಪವನ್ನು ಹೆಚ್ಚು ನಿಖರವಾಗಿ ಲೆಕ್ಕಹಾಕಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಒಬ್ಬರು. ಕಪ್ಪುಕುಳಿಯನ್ನು ಕದಡಿದರೆ ಅದು ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂದು 1970ರಲ್ಲಿ ಮೊದಲು ತೋರಿಸಿಕೊಟ್ಟವರು ಬೆಂಗಳೂರಿನಲ್ಲಿ ಜನಿಸಿದ ಸಿ.ವಿ. ವಿಶ್ವೇಶ್ವರ ಅವರು. ಮುಂದೆ ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಇವರೇ.

ಅಚ್ಚಿಗೆ ಹೊಂದಿದ ಮಾತ್ರಕ್ಕೆ ಅದು ಅಲೆಯೆನ್ನಲಾಗದು. ಗದ್ದಲವೂ ಒಮ್ಮೊಮ್ಮೆ ಅಲೆಯ ವೇಷವನ್ನು ಹಾಕುತ್ತದೆ. ಎರಡು ಕೇಂದ್ರಗಳ ನಡುವಣ ದೂರವನ್ನು ಬೆಳಕು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ದಾಟುತ್ತದೆ. ಅದಕ್ಕಿಂತ ಹೆಚ್ಚಿನ ಅಂತರದಲ್ಲಿ ಬಂದ ಎರಡು ಮಿಡಿತಗಳು ಒಂದೇ ಅಲೆಯವಾಗಿರಲಾರವು. ಆದುದರಿಂದ ಒಂದು ಕೇಂದ್ರದ ದಾಖಲೆಯನ್ನು ಬೇಕೆಂದೇ ಸ್ವಲ್ಪ ಸರಿಸಿ ಇನ್ನೊಂದರೊಡನೆ ಹೋಲಿಸುತ್ತಾರೆ. ಈಗ ಹೊಂದಿಕೆ ಕಂಡುಬಂದರೆ ಅದು ಕೇವಲ ಆಕಸ್ಮಿಕ. ಹೀಗೆ ಲಕ್ಷಾಂತರ ಬಾರಿ ಸರಿಸಿ ಎಣಿಸಿದರೆ, ಆಕಸ್ಮಿಕವು ಎಷ್ಟು ಕಾಲಕ್ಕೊಮ್ಮೆ ಅಲೆಯನ್ನು ಅನುಕರಿಸುತ್ತದೆ ಎಂಬುದು ತಿಳಿಯುತ್ತದೆ. ದಾಖಲೆಯನ್ನು ಸರಿಸಿ ನೋಡುವ ಈ ಯುಕ್ತಿಯನ್ನು ಹಿಂದೆ ವೆಬರ್ ಅವರೇ ಬಳಸಿದ್ದರು! ನಾಲ್ಕು ಗಂಟೆ ಸರಿದ ದಾಖಲೆಯಲ್ಲಿಯೂ ಅಲೆ ಕಂಡಿತೆಂದರೆ, ಕಂಡದ್ದು ಅಲೆಯಲ್ಲವೆಂದು ಅವರ ಯುಕ್ತಿಯೇ ಸಾರುತ್ತಿತ್ತು.

ಜರಡಿಯನ್ನಷ್ಟೇ ಅಲ್ಲ, ಜರಡಿ ಹಿಡಿದ ಕೈಗಳನ್ನೂ ಪರೀಕ್ಷಿಸುವ ಏರ್ಪಾಡು ಲೈಗೋದಲ್ಲಿತ್ತು. ಕೆಲವೇ ಮಂದಿ ಗುಟ್ಟಾಗಿ ಕನ್ನಡಿಗಳನ್ನು ಅಲುಗಿಸಿ ಹುಸಿ ಅಲೆಯೊಂದನ್ನು ದಾಖಲೆಯೊಳಗೆ ಸೇರಿಸಬಹುದಾಗಿತ್ತು. ಹಾಗೆ ಆಗಬಹುದೆಂದು ಎಲ್ಲರಿಗೂ ತಿಳಿದಿತ್ತು. ಆಗಿದೆಯೇ ಇಲ್ಲವೇ ಎಂಬುದು ಮಾತ್ರ ತಿಳಿಯದು. 2010ರ ಸೆಪ್ಟೆಂಬರಿನಲ್ಲಿ ತಂತ್ರಾಂಶವು ಒಂದು ಅಲೆಯನ್ನು ಹಿಡಿಯಿತು. ನೂರಾರು ವಿಜ್ಞಾನಿಗಳು ಆರು ತಿಂಗಳು ದುಡಿದರು, ವಾದಿಸಿದರು, ಪ್ರಕಟಣೆಗೆ ಲೇಖನವನ್ನೂ ಸಿದ್ಧಪಡಿಸಿದರು. 2011ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಸಭೆಯೊಂದರಲ್ಲಿ ಗುಟ್ಟಿನ ‘ಲಕೋಟೆ’ಯನ್ನು ತೆರೆದರು. ಅಲೆ ಹುಸಿಯಾಗಿತ್ತು. ಆರು ತಿಂಗಳ ದುಡಿಮೆ ವ್ಯರ್ಥವಾಯಿತೆಂದು ಕೆಲವರಿಗೆ ಅನ್ನಿಸಿರಬಹುದು. ಆದರೆ ಬಂದ ಅಲೆಯನ್ನು ಜರಡಿಯು ಕೈಬಿಡುವುದಿಲ್ಲವೆಂಬುದು ಅಂದು ಖಚಿತವಾಯಿತು.

2015ರ ಸೆಪ್ಟೆಂಬರ್ 14ರಂದು ನಿಜವಾದ ಅಲೆ ಬಂದಿತು. ಮೊದಲು ಲಿವಿಂಗ್‌ಸ್ಟನ್‌ಗೆ, ಸೆಕೆಂಡಿನ ಸಾವಿರದ ಏಳು ಭಾಗದಷ್ಟು ಕಾಲದ ತರುವಾಯ ಹ್ಯಾನ್‌ಫರ್ಡ್‌ಗೆ. ಮೂರು ನಿಮಿಷಗಳೊಳಗೆ ತಂತ್ರಾಂಶವು ಅದನ್ನು ಗುರುತಿಸಿತು. ಜರ್ಮನಿಯ ಹ್ಯಾನೋವರಿನಲ್ಲಿ ಅದನ್ನು ಮೊದಲು ಕಂಡ ಮಾರ್ಕೋ ದ್ರಾಗೋ ಎಂಬ ತರುಣ ವಿಜ್ಞಾನಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಅನುಮಾನ: ಇದೂ ಹುಸಿಯಿರಬಹುದೆ? ಆದರೆ ಗುಟ್ಟಾಗಿ ಅಲೆ ಸೇರಿಸುವ ವ್ಯವಸ್ಥೆ ಆ ದಿನ ಇನ್ನೂ ಸಿದ್ಧವಾಗಿರಲಿಲ್ಲ. 16 ದಿನಗಳ ದಾಖಲೆಯನ್ನು ಮತ್ತೆ ಮತ್ತೆ ಸರಿಸಿ ಎಣಿಸಿದಾಗ, ಇಂತಹ ಆಕಸ್ಮಿಕವು 2,03,000 ವರ್ಷಗಳಿಗೆ ಒಮ್ಮೆಯೂ ಆಗಲಾರದೆಂದು ತಿಳಿಯಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ, ಸೂರ್ಯನ 36 ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಒಂದಾಗಿದ್ದುವು. 2016ರ ಫೆಬ್ರವರಿ 11ರಂದು, ಎಲ್ಲ ಅನುಮಾನಗಳೂ ತೀರಿದ ಮೇಲೆಯೇ, ಈ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು.

ಜರಡಿಯ ಕಣ್ಣು ಅತಿಯಾಗಿ ಚಿಕ್ಕದಾದರೆ ಕಾಳೂ ಹೊಟ್ಟಿನೊಡನೆ ಹೋದೀತು. 2017ರ ಆಗಸ್ಟ್ 17ರಂದು ಹಾಗೆಯೇ ಆಗುವುದರಲ್ಲಿತ್ತು. ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದಾಗ ಹುಟ್ಟಿದ ಅಲೆ ಹ್ಯಾನ್‌ಫರ್ಡಿನಲ್ಲಿ ಸ್ಪಷ್ಟವಾಗಿ ದಾಖಲಾಯಿತು. ಲಿವಿಂಗ್‌ಸ್ಟನ್ನಿನಲ್ಲಿ ಮಾತ್ರ, ನಕ್ಷತ್ರಗಳು ಕೂಡುವ ಒಂದು ಸೆಕೆಂಡಿನಷ್ಟು ಮೊದಲು, ಉಪಕರಣದಲ್ಲಿ ಜೋರಾದ ಸದ್ದೊಂದು ಸಿಡಿಯಿತು. ತಂತ್ರಾಂಶವು ತನಗೆ ಕಲಿಸಿದಂತೆ ಆ ಭಾಗವನ್ನು ತಳ್ಳಿಹಾಕಿತು. ಆದರೆ ಅದೇ ವೇಳೆಗೆ ಫರ್ಮಿ ಎಂಬ ಉಪಗ್ರಹವು ಗಾಮಾ ಕಿರಣಗಳ ಮಿಂಚೊಂದನ್ನು ಕಂಡಿತ್ತು. ವಿಜ್ಞಾನಿಗಳು ಲಿವಿಂಗ್‌ಸ್ಟನ್ನಿನ ದಾಖಲೆಯನ್ನು ತೆರೆದು ತಾವೇ ಕಣ್ಣಾರೆ ನೋಡಿದರು. ಸಿಡಿದ ಸದ್ದಿನ ಕಲೆಯನ್ನು ಹಾದು ಮೇಲೇರುತ್ತಿದ್ದ ಅಲೆಯ ನೀಳವಾದ ಗೆರೆ ಅಲ್ಲಿ ಕಾಣುತ್ತಿತ್ತು. ಸದ್ದನ್ನು ಬೇರ್ಪಡಿಸಿ, ಇಟಲಿಯ ವರ್ಗೋ ಕೇಂದ್ರದ ದಾಖಲೆಯನ್ನೂ ಕೂಡಿಸಿ, ಅಲೆ ಬಂದ ದಿಕ್ಕನ್ನು ಲೆಕ್ಕಹಾಕಿ ಜಗತ್ತಿನ ಖಗೋಳ ವೀಕ್ಷಕರಿಗೆಲ್ಲ ತಿಳಿಸಿದರು. ಅಲೆ ಬಂದ ಹನ್ನೊಂದು ಗಂಟೆಗಳಲ್ಲಿ, ಚಿಲಿ ದೇಶದಲ್ಲಿ ಕತ್ತಲಾಗುತ್ತಿದ್ದಂತೆ, ಅಲ್ಲಿಯ ಒಂದು ಮೀಟರಿನ ಸ್ವೋಪ್ ದೂರದರ್ಶಕವು ಎನ್‌ಜಿಸಿ 4993 ಎಂಬ ಗೆಲಾಕ್ಸಿಯ ಚಿತ್ರವನ್ನು ತೆಗೆಯಿತು. ಹಳೆಯ ಚಿತ್ರಗಳಲ್ಲಿ ಇಲ್ಲದಿದ್ದ ಬೆಳಕಿನ ಚುಕ್ಕೆಯೊಂದು ಅದರಲ್ಲಿತ್ತು.